ಗ್ಯಾಸ್ ಗುಳಿಗೆಗೆ ಬಗ್ಗದ ಹೊಟ್ಟೆ ಉರಿ: ಅಲ್ಸರ್ ಎಲ್ಲಿಂದ ಬಂತು ಅಂತ ಹುಡುಕುವ ದಾರಿ

ದಾವಣಗೆರೆಯ ಒಂದು ಮೆಡಿಕಲ್ ಶಾಪ್ ಕೌಂಟರಿನಲ್ಲಿ ನನ್ನ ಕೆಲಸ. ದಿನಾ ಕಿವಿಗೆ ಬೀಳುವ ಮಾತು, “ಅಣ್ಣಾ, ಗ್ಯಾಸಿಗೊಂದು ಗುಳಿಗೆ ಕೊಡು.” ಹೊಟ್ಟೆಯ ಮೇಲ್ಭಾಗದ ಉರಿ, ಹುಳಿತೇಗು, ಎದೆ ಭಾರ, ರಾತ್ರಿ ಎಬ್ಬಿಸುವ ನೋವು, ಎಲ್ಲದಕ್ಕೂ ನಮ್ಮ ಕಡೆ ಗ್ಯಾಸ್ ಅಂತಲೇ ಹೆಸರು. ಕೊಡುವ ಮಾತ್ರೆಯೂ ಹೆಚ್ಚುಕಡಿಮೆ ಒಂದೇ, ಆಸಿಡ್ ಇಳಿಸುವುದು. ನಾಲ್ಕು ದಿನ ಉರಿ ನಿಲ್ಲುತ್ತದೆ. ಮಾತ್ರೆ ಮುಗಿದ ಮೇಲೆ ಅದೇ ಮುಖ ಮತ್ತೆ ಕೌಂಟರಿನ ಮುಂದೆ.

ಜಠರದಲ್ಲಿ ಆಸಿಡ್ ನಾವು ಹುಟ್ಟಿದಾಗಿನಿಂದ ಇದೆ. ಇಷ್ಟು ವರ್ಷ ಸುಡದೆ ಇದ್ದದ್ದು ಈಗ ಯಾಕೆ ಸುಡುತ್ತಿದೆ? ಹೆಚ್ಚಿನವರಲ್ಲಿ ಮೊದಲು ಕೆಡುವುದು ಜಠರದ ಒಳಪದರ. ಅದು ಕೆಡುವುದಕ್ಕೆ ದೊಡ್ಡ ಕಾರಣಗಳು ಎರಡು. ಒಂದು, ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ, ಮತ್ತು ಅದರ ವಿರುದ್ಧ ನಮ್ಮದೇ ರೋಗನಿರೋಧಕ ವ್ಯವಸ್ಥೆ ವರ್ಷಗಟ್ಟಲೆ ನಡೆಸುವ ಮುಗಿಯದ ಹೋರಾಟ. ಇನ್ನೊಂದು, ನೋವಿನ ಮಾತ್ರೆ. ಇವೆರಡರಲ್ಲಿ ನಿಮ್ಮದು ಯಾವುದು ಅಂತ ನೋಡದೆ ಆಸಿಡ್ ಇಳಿಸುತ್ತಾ ಕೂತರೆ ಹುಣ್ಣು, ಅಂದರೆ ಅಲ್ಸರ್, ಮಾಯುತ್ತದೆ, ಮತ್ತೆ ಬರುತ್ತದೆ.

ಜನ ಹೇಳುವ ಮಾತುಗಳನ್ನೇ ಕೆಳಗೆ ತಲೆಬರಹ ಮಾಡಿದ್ದೇನೆ. ನಿಮ್ಮ ಮಾತು ಎಲ್ಲಿದೆಯೋ ಅಲ್ಲಿಗೆ ಹೋಗಿ. ಆದರೆ ಮೊದಲ ಎರಡು ಭಾಗಗಳನ್ನು ಎಲ್ಲರೂ ಓದಬೇಕು ಅಂತ ಕೇಳಿಕೊಳ್ಳುತ್ತೇನೆ.

## “ಎದೆಯಲ್ಲಿ ಗ್ಯಾಸ್ ಕಟ್ಟಿಕೊಂಡಿದೆ”

ಮೊದಲ ಪ್ರಶ್ನೆ, ಇದು ಹೊಟ್ಟೆಯದ್ದೇನಾ? ಹೃದಯಾಘಾತ ಎಷ್ಟೋ ಸಲ ಎದೆನೋವಾಗಿ ಬರುವುದಿಲ್ಲ. ಹೊಟ್ಟೆಯ ಮೇಲ್ಭಾಗದಲ್ಲಿ ಒತ್ತಿದಂತೆ, ಉರಿದಂತೆ, ತೇಗು ಬಂದರೆ ಸರಿಹೋಗುತ್ತದೆ ಅನ್ನಿಸುವಂತೆ ಬರುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಹೀಗಾಗುವುದು ಜಾಸ್ತಿ.

ಈ ಕೆಳಗಿನವುಗಳಲ್ಲಿ ಒಂದಿದ್ದರೂ ಗ್ಯಾಸ್ ಅಂತ ಕೂರಬೇಡಿ: ತಣ್ಣನೆ ಬೆವರು, ಉಸಿರು ಕಟ್ಟುವುದು, ನೋವು ದವಡೆಗೋ ತೋಳಿಗೋ ಬೆನ್ನಿಗೋ ಹರಡುವುದು, ನಡೆದರೆ ಅಥವಾ ಮೆಟ್ಟಿಲು ಹತ್ತಿದರೆ ಹೆಚ್ಚಾಗಿ ನಿಂತರೆ ಕಡಿಮೆಯಾಗುವುದು. ಹತ್ತಿರದಲ್ಲಿ ಇಸಿಜಿ ಎಲ್ಲಿ ತೆಗೆಯುತ್ತಾರೋ ಅಲ್ಲಿಗೆ ಹೋಗಿ. ಇಲ್ಲವೇ 108ಕ್ಕೆ ಫೋನ್ ಮಾಡಿ. ಸೋಡಾ ಕುಡಿದು, ಆಂಟಾಸಿಡ್ ಸಿರಪ್ ಕುಡಿದು ಅರ್ಧ ಗಂಟೆ ನೋಡೋಣ ಅನ್ನುವುದು ಅಪಾಯ. ಸಿರಪ್ ಕುಡಿದ ಮೇಲೆ ನೋವು ಸ್ವಲ್ಪ ಇಳಿದರೂ ಹೃದಯ ಸರಿಯಿದೆ ಅಂತ ಅರ್ಥ ಅಲ್ಲ.

ಎಣ್ಣೆ ತಿಂಡಿ ತಿಂದ ಮೇಲೆ ಬಲಗಡೆ ಪಕ್ಕೆಲುಬಿನ ಕೆಳಗೆ ಹಿಡಿದುಕೊಂಡರೆ ಪಿತ್ತಕೋಶದ ಕಲ್ಲು ಇರಬಹುದು. ಕುಡಿಯುವ ಅಭ್ಯಾಸ ಇದ್ದವರಿಗೆ ನೋವು ಬೆನ್ನಿಗೆ ಹೊಡೆದರೆ ಮೇದೋಜೀರಕ ಗ್ರಂಥಿ ಊದಿಕೊಂಡಿರಬಹುದು. ಇವೆರಡಕ್ಕೂ ಡಾಕ್ಟರ್ ಕೈ, ಸ್ಕ್ಯಾನ್, ರಕ್ತ ಪರೀಕ್ಷೆ ಬೇಕು.

## “ಮಲ ಕಪ್ಪಗೆ ಹೋಗುತ್ತಿದೆ”, “ವಾಂತಿಯಲ್ಲಿ ರಕ್ತ”, “ಇದ್ದಕ್ಕಿದ್ದಂತೆ ಹೊಟ್ಟೆ ಹರಿದಂಥ ನೋವು”

ಈ ಮೂರಕ್ಕೂ ಮನೆಯಲ್ಲಿ ಮಾಡುವ ಪರೀಕ್ಷೆ ಏನೂ ಇಲ್ಲ. ಹೊರಡಬೇಕು.

ಹುಣ್ಣಿನಿಂದ ರಕ್ತ ಸೋರಿದರೆ ಅದು ಕರುಳಿನಲ್ಲಿ ಇಳಿಯುತ್ತಾ ಕಪ್ಪಾಗುತ್ತದೆ. ಮಲ ಡಾಂಬರಿನ ಬಣ್ಣದಲ್ಲಿ, ಹೊಳೆಯುತ್ತಾ, ಅಂಟಂಟಾಗಿ, ಕೆಟ್ಟ ವಾಸನೆಯಿಂದ ಕೂಡಿರುತ್ತದೆ. ಕಬ್ಬಿಣಾಂಶದ ಮಾತ್ರೆ ತಿನ್ನುವವರಿಗೂ, ಬಿಸ್ಮತ್ ಇರುವ ಔಷಧಿ ಕುಡಿಯುವವರಿಗೂ ಮಲ ಕಪ್ಪಾಗುತ್ತದೆ. ಆದರೆ ಅದರಲ್ಲಿ ಆ ಅಂಟು, ಆ ವಾಸನೆ ಇರುವುದಿಲ್ಲ. ಅನುಮಾನ ಇದ್ದರೆ ರಕ್ತ ಅಂತಲೇ ತಿಳಿದು ಹೋಗಿ. ವಾಂತಿ ಕೆಂಪಾಗಿಯೇ ಇರಬೇಕು ಅಂತಿಲ್ಲ. ಕಾಫಿ ಚರಟದ ಹಾಗೆ ಕಂದು ಚೂರು ಬಂದರೂ ಅದು ಆಸಿಡ್‌ನಲ್ಲಿ ಬೆಂದ ರಕ್ತವೇ. ಜೊತೆಗೆ ಎದ್ದು ನಿಂತರೆ ಕಣ್ಣು ಕತ್ತಲೆ ಬಂದರೆ, ನಾಡಿ ವೇಗವಾಗಿ ಓಡಿದರೆ, ಆಗಲೇ ತುಂಬಾ ರಕ್ತ ಹೋಗಿದೆ.

ಇನ್ನು ಇದ್ದಕ್ಕಿದ್ದಂತೆ ಸಹಿಸಲಾಗದ ನೋವು ಬಂದು, ಹೊಟ್ಟೆ ಹಲಗೆಯ ಹಾಗೆ ಬಿಗಿಯಾಗಿ, ಅಲುಗಾಡಲೂ ಆಗದಿದ್ದರೆ ಹುಣ್ಣು ತೂತಾಗಿರಬಹುದು. ಬಾಯಿಗೆ ನೀರನ್ನೂ ಹಾಕಬೇಡಿ. ನೋವಿನ ಮಾತ್ರೆ ಕೊಡಬೇಡಿ. ಇದಕ್ಕೆ ಆಪರೇಷನ್ ಬೇಕಾಗುತ್ತದೆ, ತಡವಾದಷ್ಟೂ ಅಪಾಯ. ಒಂದು ಮಾತು ವಿಶೇಷವಾಗಿ ನೆನಪಿರಲಿ. ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಮತ್ತು ತುಂಬಾ ವಯಸ್ಸಾದವರಲ್ಲಿ ಹುಣ್ಣು ತೂತಾದರೂ ಹೊಟ್ಟೆ ಅಷ್ಟು ಬಿಗಿಯಾಗುವುದಿಲ್ಲ. ಹೊಟ್ಟೆ ಬಿಗಿಯಾಗುವುದೇ ರೋಗನಿರೋಧಕ ವ್ಯವಸ್ಥೆ ಎಬ್ಬಿಸುವ ಉರಿಯೂತದಿಂದ. ಅದನ್ನು ಔಷಧಿ ತಗ್ಗಿಸಿರುವಾಗ ಲಕ್ಷಣವೂ ತಗ್ಗುತ್ತದೆ. ಅಜ್ಜಿ “ಸ್ವಲ್ಪ ನೋವು ಅಷ್ಟೇ” ಅಂದರೂ ಮುಖ ಬಿಳುಚಿಕೊಂಡಿದ್ದರೆ ನಂಬಬೇಡಿ.

ಜಗಳೂರು, ಮೊಳಕಾಲ್ಮೂರು, ಹೊಸದುರ್ಗ ಕಡೆಯ ಹಳ್ಳಿಗಳಿಂದ ಎಂಡೋಸ್ಕೋಪಿ (ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ಹೊಟ್ಟೆಯೊಳಗೆ ನೋಡುವುದು), ಆಪರೇಷನ್ ಇರುವ ದೊಡ್ಡ ಆಸ್ಪತ್ರೆಗೆ ಬರಲು ಸಮಯ ಹಿಡಿಯುತ್ತದೆ. ಬೆಳಗ್ಗೆ ಬಸ್ಸಿಗೆ ಹೋಗೋಣ ಅಂತ ರಾತ್ರಿ ಕಳೆಯಬೇಡಿ.

## “ಹೊಟ್ಟೆ ಖಾಲಿ ಇದ್ದರೆ ಉರಿ, ತಿಂದರೆ ತಣ್ಣಗಾಗುತ್ತದೆ”

ಇಲ್ಲಿಂದ ಮುಂದೆ ತುರ್ತು ಇಲ್ಲದವರ ಮಾತು. ಮೊದಲ ಪರೀಕ್ಷೆಗೆ ದುಡ್ಡು ಬೇಡ. ಒಂದು ವಾರ ಚೀಟಿಯಲ್ಲಿ ಬರೆದಿಡಿ. ಎಷ್ಟು ಗಂಟೆಗೆ ಊಟ, ಎಷ್ಟು ಗಂಟೆಗೆ ನೋವು, ಏನು ಮಾಡಿದರೆ ಇಳಿಯಿತು, ಆ ದಿನ ಯಾವ ಮಾತ್ರೆ ನುಂಗಿದಿರಿ, ಇಷ್ಟೇ.

ಊಟವಾಗಿ ಎರಡು ಮೂರು ಗಂಟೆಗೆ ಉರಿ ಶುರುವಾಗಿ, ನಡುರಾತ್ರಿ ಎಬ್ಬಿಸಿ, ಎರಡು ಬಿಸ್ಕತ್ತು ತಿಂದರೆ ಇಳಿಯುವುದು ಡ್ಯುವೋಡಿನಮ್‌ನ, ಅಂದರೆ ಸಣ್ಣ ಕರುಳಿನ ಮೊದಲ ಭಾಗದ ಹುಣ್ಣಿನ ನಡೆ. ತಿಂದ ಸ್ವಲ್ಪ ಹೊತ್ತಿಗೇ ನೋವು, ಅದಕ್ಕೇ ಊಟ ಅಂದರೆ ಭಯ, ತೂಕ ಇಳಿಕೆ, ಇದು ಜಠರದ ಹುಣ್ಣಿನ ನಡೆ. ಆದರೆ ಇದನ್ನೇ ನಂಬಿ ತೀರ್ಮಾನ ಮಾಡಬೇಡಿ. ಎರಡರ ಲಕ್ಷಣವೂ ಬೆರೆಯುತ್ತದೆ. ಹುಣ್ಣೇ ಇಲ್ಲದೆ ಹೀಗೆ ಉರಿಯುವವರೂ ಬಹಳ ಜನ ಇದ್ದಾರೆ. ಮಲಗಿದರೆ ಎದೆಗೆ ಹುಳಿ ಉಕ್ಕಿ ಬರುವುದು ಬೇರೆಯದೇ ತೊಂದರೆ.

ಮಿರ್ಚಿ, ಖಾರ ಮಂಡಕ್ಕಿ ಅಲ್ಸರ್ ತರುತ್ತದಾ ಅಂತ ನಮ್ಮೂರಲ್ಲಿ ಎಲ್ಲರೂ ಕೇಳುತ್ತಾರೆ. ಇರುವ ಹುಣ್ಣಿಗೆ, ಊದಿದ ಒಳಪದರಕ್ಕೆ ಖಾರ ತಗುಲಿದರೆ ಉರಿ ಹೆಚ್ಚಾಗುತ್ತದೆ, ನಿಜ. ಹುಣ್ಣು ಹುಟ್ಟಿಸುವುದು ಖಾರ ಅಲ್ಲ. ನಿಮಗೆ ಆಗದಿದ್ದರೆ ಬಿಡಿ, ಆಗುವುದಾದರೆ ಸುಮ್ನೆ ಸಪ್ಪೆ ಊಟ ಮಾಡಿಕೊಂಡು ಬಳಲಬೇಡಿ. ತಣ್ಣನೆ ಹಾಲು ಕುಡಿದರೆ ಆ ಹೊತ್ತಿಗೆ ಹಾಯೆನಿಸುತ್ತದೆ. ಆಮೇಲೆ ಹಾಲೇ ಆಸಿಡ್ ಜಾಸ್ತಿ ಮಾಡುತ್ತದೆ. ಬೀಡಿ ಸಿಗರೇಟು ಮಾತ್ರ ಖಂಡಿತ ಬಿಡಬೇಕಾದದ್ದು, ಅದು ಹುಣ್ಣು ಮಾಯುವುದನ್ನೇ ತಡೆಯುತ್ತದೆ.

ಟೆನ್ಷನ್ ವಿಷಯವೂ ಹೀಗೇ. ಮನೆ, ಸಾಲ, ಕೆಲಸದ ಚಿಂತೆ ನೋವನ್ನು ದೊಡ್ಡದು ಮಾಡುತ್ತದೆ. ಒಂಟಿಯಾಗಿ ಅದೇ ಹುಣ್ಣು ಮಾಡುವುದು ಅಪರೂಪ. ತುಂಬಾ ದೊಡ್ಡ ಆಘಾತದ ಮಾತು ಬೇರೆ. 1995ರಲ್ಲಿ ಜಪಾನಿನ ಕೋಬೆಯಲ್ಲಿ ಭೂಕಂಪ ಆದ ಮೇಲೆ ಅಲ್ಲಿ ಅಲ್ಸರ್ ಕೇಸು ಹೆಚ್ಚಾದದ್ದನ್ನು ವೈದ್ಯರು ದಾಖಲಿಸಿದ್ದಾರೆ.

## “ಮಂಡಿನೋವಿಗೆ ದಿನಾ ಒಂದು ಗುಳಿಗೆ ತಗೋತೀನಿ, ಹೊಟ್ಟೆಗೂ ಅದಕ್ಕೂ ಏನು ಸಂಬಂಧ?”

ಸಂಬಂಧ ನೇರವಾಗಿದೆ. ಆದ್ದರಿಂದ ಎರಡನೇ ಪರೀಕ್ಷೆ, ಮನೆಯ ಮಾತ್ರೆ ಡಬ್ಬ ಸುರಿದು ನೋಡುವುದು. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್, ನಾಪ್ರಾಕ್ಸೆನ್, ಆಸ್ಪಿರಿನ್, ಈ ಹೆಸರುಗಳನ್ನು ಮಾತ್ರೆ ಸ್ಟ್ರಿಪ್‌ನ ಹಿಂದೆ ಹುಡುಕಿ. ಅಕ್ಷರ ಸಣ್ಣದು, ಮನೆಯ ಹುಡುಗರ ಕೈಲಿ ಓದಿಸಿ.

ಗಾಯವಾದಾಗ, ಕೀಲು ಸವೆದಾಗ ದೇಹ ಪ್ರೊಸ್ಟಗ್ಲಾಂಡಿನ್ ಅನ್ನುವ ರಾಸಾಯನಿಕ ತಯಾರಿಸುತ್ತದೆ. ಉರಿಯೂತಕ್ಕೆ, ನೋವಿಗೆ ಅದೇ ಸಂಜ್ಞೆ. ನೋವಿನ ಮಾತ್ರೆ ಅದರ ತಯಾರಿಕೆಯನ್ನು ನಿಲ್ಲಿಸುತ್ತದೆ, ಮಂಡಿ ಹಗುರಾಗುತ್ತದೆ. ಆದರೆ ಜಠರದಲ್ಲಿ ಅದೇ ಪ್ರೊಸ್ಟಗ್ಲಾಂಡಿನ್ ಬೇರೆ ಕೆಲಸ ಮಾಡುತ್ತಿರುತ್ತದೆ. ಒಳಪದರದ ಮೇಲೆ ಲೋಳೆ ಹರಡಿಸುತ್ತದೆ, ಆಸಿಡ್ ತಟಸ್ಥ ಮಾಡುವ ಬೈಕಾರ್ಬನೇಟ್ ಸುರಿಸುತ್ತದೆ, ರಕ್ತದ ಹರಿವು ಕಾಯುತ್ತದೆ. ಮಾತ್ರೆ ಇದನ್ನೂ ನಿಲ್ಲಿಸಿಬಿಡುತ್ತದೆ. ಇಲ್ಲಿಯೂ ಬಿಳಿ ರಕ್ತಕಣಗಳ ಪಾತ್ರ ಇದೆ. ನೋವಿನ ಮಾತ್ರೆ ಕೊಟ್ಟಾಗ ಅವು ಜಠರದ ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಂಡು ಹರಿವನ್ನು ತಡೆಯುವುದು ಪ್ರಾಣಿಗಳ ಮೇಲಿನ ಅಧ್ಯಯನಗಳಲ್ಲಿ ಕಂಡಿದೆ.

“ಹಾಗಾದರೆ ಇಂಜೆಕ್ಷನ್ ಹಾಕಿಸಿಕೊಳ್ಳುತ್ತೇನೆ, ಹೊಟ್ಟೆಗೆ ಹೋಗುವುದಿಲ್ಲವಲ್ಲ” ಅನ್ನುತ್ತಾರೆ. ಔಷಧಿ ರಕ್ತದಿಂದಲೇ ಜಠರಕ್ಕೆ ತಲುಪಿ ಪ್ರೊಸ್ಟಗ್ಲಾಂಡಿನ್ ಇಳಿಸುತ್ತದೆ. ಸೂಜಿಯಲ್ಲಿ ಹೋದರೂ ಅಷ್ಟೇ. ಹಚ್ಚುವ ಮುಲಾಮಿನಲ್ಲಿ ಈ ತೊಂದರೆ ತುಂಬಾ ಕಡಿಮೆ. ಸಾಮಾನ್ಯ ನೋವಿಗೆ, ಹೇಳಿದ ಪ್ರಮಾಣದಲ್ಲಿ, ಪ್ಯಾರಾಸಿಟಮಾಲ್ ಹೊಟ್ಟೆಗೆ ಮೃದು.

ಸಂತೆಯಲ್ಲಿ, ಮನೆ ಬಾಗಿಲಿನಲ್ಲಿ ಮಾರುವ ಹೆಸರಿಲ್ಲದ ಮಂಡಿನೋವಿನ ಪುಡಿ, ಕಪ್ಪು ಗುಳಿಗೆ, ಇವನ್ನೂ ಡಬ್ಬಕ್ಕೆ ಸೇರಿಸಿ ಎಣಿಸಿ. ಇಂಥವುಗಳಲ್ಲಿ ಸ್ಟೀರಾಯ್ಡ್, ನೋವಿನ ಔಷಧಿ ಬೆರೆಸಿದ್ದು ಪರೀಕ್ಷೆಯಲ್ಲಿ ಸಿಕ್ಕ ಉದಾಹರಣೆಗಳಿವೆ. ಸ್ಟೀರಾಯ್ಡ್ ಮತ್ತು ನೋವಿನ ಮಾತ್ರೆ ಒಟ್ಟಿಗೆ ಸೇರಿದರೆ ಹುಣ್ಣಿನ ಅಪಾಯ ಬಹಳ ಏರುತ್ತದೆ.

ಒಂದು ಎಚ್ಚರಿಕೆ. ಹೃದಯಕ್ಕೆ, ಸ್ಟೆಂಟ್‌ಗೆ ಅಂತ ಕೊಟ್ಟ ಆಸ್ಪಿರಿನ್ ಅಥವಾ ರಕ್ತ ತೆಳು ಮಾಡುವ ಮಾತ್ರೆಯನ್ನು ಹೊಟ್ಟೆ ಉರಿ ಅಂತ ನೀವೇ ನಿಲ್ಲಿಸಬಾರದು. ಬರೆದುಕೊಟ್ಟ ಡಾಕ್ಟರನ್ನೇ ಕೇಳಿ. ಹೊಟ್ಟೆಗೆ ರಕ್ಷಣೆ ಕೊಡುವ ಮಾತ್ರೆ ಜೊತೆಗೆ ಸೇರಿಸುತ್ತಾರೆ. ಹಿಂದೆ ಅಲ್ಸರ್ ಆಗಿದ್ದವರಿಗೆ ದೀರ್ಘ ಕಾಲ ಆಸ್ಪಿರಿನ್ ಶುರು ಮಾಡುವ ಮೊದಲು ಪೈಲೋರಿ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಎರಡೂ ಕಾರಣ ಒಬ್ಬರಲ್ಲೇ ಸೇರಿದರೆ ಅಪಾಯ ಕೂಡುತ್ತದೆ.

## “ಮಾತ್ರೆ ತಿಂದಷ್ಟು ದಿನ ಚೆನ್ನಾಗಿರುತ್ತೇನೆ, ಬಿಟ್ಟರೆ ಮತ್ತೆ ಶುರು”

ನೋವಿನ ಮಾತ್ರೆ ತಿನ್ನದೆಯೂ ಹೀಗಾಗುತ್ತಿದ್ದರೆ ಮೊದಲ ಅನುಮಾನ ಪೈಲೋರಿ ಮೇಲೆ.

1982ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಇದನ್ನು ಬೆಳೆಸಿ ತೋರಿಸಿದರು. ಆಸಿಡ್ ತುಂಬಿದ ಜಠರದಲ್ಲಿ ಬ್ಯಾಕ್ಟೀರಿಯಾ ಬದುಕುತ್ತದೆ ಅಂದರೆ ಆಗ ಹೆಚ್ಚಿನವರು ನಂಬಲಿಲ್ಲ. ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದರು, ಕೆಲವೇ ದಿನದಲ್ಲಿ ಅವರ ಜಠರ ಊದಿಕೊಂಡಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಈ ಬ್ಯಾಕ್ಟೀರಿಯಾ ಯೂರಿಯೇಸ್ ಅನ್ನುವ ಕಿಣ್ವದಿಂದ ಅಮೋನಿಯಾ ತಯಾರಿಸಿ ತನ್ನ ಸುತ್ತ ಆಸಿಡ್ ಸಾಯಿಸಿಕೊಳ್ಳುತ್ತದೆ. ಆಮೇಲೆ ಬಾಲ ಬೀಸುತ್ತಾ ಲೋಳೆಯೊಳಗೆ ತೂರಿ ಒಳಪದರದ ಹತ್ತಿರ ಕೂರುತ್ತದೆ. ಕೆಲವು ತಳಿಗಳು ನಮ್ಮ ಕೋಶಗಳೊಳಗೆ ಕ್ಯಾಗ್-ಎ ಅನ್ನುವ ಪ್ರೋಟೀನನ್ನು ಸೂಜಿ ಚುಚ್ಚಿದಂತೆ ಸೇರಿಸುತ್ತವೆ. ಪೆಟ್ಟು ತಿಂದ ಕೋಶಗಳು ಇಂಟರ್‌ಲ್ಯೂಕಿನ್-8 ಅನ್ನುವ ಸಂಜ್ಞೆ ಬಿಡುಗಡೆ ಮಾಡುತ್ತವೆ. ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ನುಗ್ಗಿ ಬರುತ್ತವೆ, ಹಿಂದೆಯೇ ಬೇರೆ ರಕ್ಷಕ ಕಣಗಳಾದ ಮ್ಯಾಕ್ರೋಫೇಜ್, ಟಿ ಕೋಶ, ಪ್ರತಿಕಾಯ (ಆಂಟಿಬಾಡಿ) ತಯಾರಿಸುವ ಬಿ ಕೋಶ. ಇಷ್ಟೆಲ್ಲ ಬಂದರೂ ಸೋಂಕು ಹೋಗುವುದಿಲ್ಲ. ಯಾಕೆಂದರೆ ಬ್ಯಾಕ್ಟೀರಿಯಾ ಬಹುಪಾಲು ಇರುವುದು ಹೊರಗೆ ಲೋಳೆಯಲ್ಲಿ, ನಮ್ಮ ಕಣಗಳು ಸೇರುವುದು ಒಳಗೆ ಪದರದಲ್ಲಿ. ಜೊತೆಗೆ ಅದರ ಬಾಲದ ಪ್ರೋಟೀನು ನಮ್ಮ ಪತ್ತೆದಾರ ಗ್ರಾಹಕಗಳಿಗೆ ಸುಲಭವಾಗಿ ಸಿಗದಂತಿದೆ. ವ್ಯಾಕ್-ಎ ಅನ್ನುವ ಅದರ ವಿಷ ಟಿ ಕೋಶಗಳು ಹೆಚ್ಚಾಗುವುದನ್ನೇ ತಡೆಯುತ್ತದೆ.

ಮೆಕ್ಕೆಜೋಳದ ಹೊಲದಲ್ಲಿ ಕಳೆಗೆ ಅಂತ ತಪ್ಪು ಔಷಧಿ ಹೊಡೆದರೆ ಏನಾಗುತ್ತದೆ ಅಂತ ನಮ್ಮ ಜಿಲ್ಲೆಯ ರೈತರಿಗೆ ಗೊತ್ತು. ಕಳೆ ಹಾಗೇ ಉಳಿಯುತ್ತದೆ, ಪೈರು ಸುಡುತ್ತದೆ. ಜಠರದಲ್ಲಿ ಆಗುವುದೂ ಅದೇ. ನ್ಯೂಟ್ರೋಫಿಲ್‌ಗಳು ಸುರಿಸುವ ಆಮ್ಲಜನಕದ ಸುಡುವ ಅಣುಗಳು, ಕಿಣ್ವಗಳು ನಮ್ಮದೇ ಒಳಪದರಕ್ಕೆ ತಾಗುತ್ತವೆ. ವರ್ಷಗಟ್ಟಲೆ.

ಆಸಿಡ್ ಹೆಚ್ಚಾಗುವುದೂ ಈ ಉರಿಯೂತದಿಂದಲೇ ಇರಬಹುದು. ಜಠರದ ಕೆಳತುದಿಯಲ್ಲಿ ಉರಿಯೂತ ನೆಲೆಯೂರಿದರೆ ಆಸಿಡ್‌ಗೆ ಲಗಾಮು ಹಾಕುವ ಸೊಮಾಟೋಸ್ಟಾಟಿನ್ ಕಡಿಮೆಯಾಗುತ್ತದೆ, ಆಸಿಡ್ ಹೆಚ್ಚಿಸುವ ಗ್ಯಾಸ್ಟ್ರಿನ್ ಜಾಸ್ತಿಯಾಗುತ್ತದೆ. ಹೆಚ್ಚಾದ ಆಸಿಡ್ ಮುಂದೆ ಡ್ಯುವೋಡಿನಮ್‌ಗೆ ಇಳಿದು ಅಲ್ಲಿ ಹುಣ್ಣು ಮಾಡುತ್ತದೆ. ಉರಿಯೂತ ಜಠರದ ಮೇಲ್ಭಾಗಕ್ಕೂ ಹರಡಿದರೆ ಕಥೆ ತಿರುಗುತ್ತದೆ. ಆಸಿಡ್ ಕಡಿಮೆಯಾಗುತ್ತದೆ, ಪದರ ಸವೆಯುತ್ತದೆ, ಜಠರದ ಹುಣ್ಣು ಮತ್ತು ಮುಂದೆ ಕ್ಯಾನ್ಸರ್‌ನ ಅಪಾಯ ಏರುತ್ತದೆ. ಪೈಲೋರಿಯನ್ನು 1994ರಲ್ಲೇ ಕ್ಯಾನ್ಸರ್ ತರಬಲ್ಲ ಕಾರಣಗಳ ಮೊದಲ ಗುಂಪಿಗೆ ಸೇರಿಸಿದ್ದಾರೆ.

ಜಗತ್ತಿನ ಸುಮಾರು ಅರ್ಧದಷ್ಟು ಜನರಲ್ಲಿ ಈ ಸೋಂಕು ಇದೆ ಅನ್ನುವ ಅಂದಾಜು ಇದೆ. ಅವರಲ್ಲಿ ಹೆಚ್ಚಿನವರಿಗೆ ಅಲ್ಸರ್ ಆಗುವುದಿಲ್ಲ. ಬ್ಯಾಕ್ಟೀರಿಯಾದ ತಳಿ ಎಂಥದು, ನಮ್ಮ ರೋಗನಿರೋಧಕ ವ್ಯವಸ್ಥೆ ಎಷ್ಟು ಜೋರಾಗಿ ಎರಗುತ್ತದೆ, ಎರಡೂ ಮುಖ್ಯ. ಸೋಂಕಿರುವ ಮಕ್ಕಳ ಜಠರದಲ್ಲಿ ಉರಿಯೂತವನ್ನು ಹಿಡಿದಿಡುವ ನಿಯಂತ್ರಕ ಟಿ ಕೋಶಗಳು ಜಾಸ್ತಿ ಕಂಡಿವೆ. ಮಕ್ಕಳಲ್ಲಿ ಅಲ್ಸರ್ ಕಡಿಮೆ ಇರುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಅದಕ್ಕೇ ಕೌಂಟರಿನಲ್ಲಿ “ಇಮ್ಯೂನಿಟಿ ಕಡಿಮೆ ಆಗಿ ಅಲ್ಸರ್ ಬಂದಿದೆ, ಪುಡಿ ಏನಾದರೂ ಕೊಡಿ” ಅಂದಾಗ ನಾನು ಕೊಡುವುದಿಲ್ಲ. ಇಲ್ಲಿ ತೊಂದರೆ ಶಕ್ತಿ ಸಾಲದ್ದಲ್ಲ. ಬೇಕಾದದ್ದು ಆ ಬ್ಯಾಕ್ಟೀರಿಯಾವನ್ನು ತೆಗೆಯುವುದು. ತೆಗೆದರೆ ನ್ಯೂಟ್ರೋಫಿಲ್‌ಗಳು ಬೇಗ ಹಿಂದೆ ಸರಿಯುತ್ತವೆ, ಉಳಿದ ಕಣಗಳು ತಿಂಗಳುಗಳಲ್ಲಿ ಕಡಿಮೆಯಾಗುತ್ತವೆ, ಹುಣ್ಣು ಮರಳುವುದು ಅಪರೂಪವಾಗುತ್ತದೆ.

### ಯಾವ ಟೆಸ್ಟ್ ಮಾಡಿಸಬೇಕು

ತುರ್ತು ಲಕ್ಷಣ ಇಲ್ಲದ, ವಯಸ್ಸು ಕಡಿಮೆ ಇರುವವರಿಗೆ ಎಂಡೋಸ್ಕೋಪಿಗಿಂತ ಮೊದಲು ಮಲದ ಆಂಟಿಜೆನ್ ಟೆಸ್ಟ್ (ಮಲದಲ್ಲಿ ಪೈಲೋರಿಯ ಅಂಶ ಹುಡುಕುವುದು) ಅಥವಾ ಯೂರಿಯಾ ಉಸಿರಿನ ಟೆಸ್ಟ್ ಸಾಕು. ಉಸಿರಿನ ಟೆಸ್ಟ್‌ನಲ್ಲಿ ಗುರುತು ಹಾಕಿದ ಕಾರ್ಬನ್ ಇರುವ ಯೂರಿಯಾ ಕುಡಿಸುತ್ತಾರೆ. ಪೈಲೋರಿ ಇದ್ದರೆ ಅದನ್ನು ಒಡೆಯುತ್ತದೆ, ಆ ಕಾರ್ಬನ್ ಉಸಿರಿನಲ್ಲಿ ಹೊರಬರುತ್ತದೆ. ಎಲ್ಲ ಲ್ಯಾಬಿನಲ್ಲೂ ಇದು ಸಿಗುವುದಿಲ್ಲ, ಮೊದಲೇ ಫೋನ್ ಮಾಡಿ ಕೇಳಿ.

ರಕ್ತದಲ್ಲಿ ಪ್ರತಿಕಾಯ ನೋಡುವ ಟೆಸ್ಟ್ ಬೇಗ ಸಿಗುತ್ತದೆ, ಅದಕ್ಕೇ ಜನ ಅದನ್ನೇ ಮಾಡಿಸಿಕೊಂಡು ಬರುತ್ತಾರೆ. ಅದರಿಂದ ಗೊತ್ತಾಗುವುದು ನಿಮ್ಮ ದೇಹ ಎಂದೋ ಒಮ್ಮೆ ಈ ಬ್ಯಾಕ್ಟೀರಿಯಾ ಕಂಡಿದೆ ಅನ್ನುವುದಷ್ಟೇ. ಸೋಂಕು ಹೋದ ಮೇಲೂ ಪ್ರತಿಕಾಯಗಳು ತಿಂಗಳು, ವರ್ಷ ಉಳಿಯುತ್ತವೆ. ಈಗ ಇದೆಯಾ, ಚಿಕಿತ್ಸೆ ಕೆಲಸ ಮಾಡಿತಾ, ಈ ಎರಡಕ್ಕೂ ಅದು ಉತ್ತರ ಕೊಡುವುದಿಲ್ಲ. ಅದೊಂದನ್ನೇ ನಂಬಿ ಆಂಟಿಬಯಾಟಿಕ್ ನುಂಗುವುದು ಬೇಡ.

ಇನ್ನೊಂದು ಕಡೆ ಬಹಳ ಜನ ಎಡವುತ್ತಾರೆ. ಆಸಿಡ್ ಇಳಿಸುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಜಾತಿಯ ಮಾತ್ರೆ ತಿನ್ನುತ್ತಲೇ ಟೆಸ್ಟ್‌ಗೆ ಹೋಗುತ್ತಾರೆ. ಆ ಮಾತ್ರೆ ಬ್ಯಾಕ್ಟೀರಿಯಾದ ಸಂಖ್ಯೆ ತಗ್ಗಿಸುತ್ತದೆ, ಇದ್ದರೂ ಇಲ್ಲ ಅಂತ ರಿಪೋರ್ಟ್ ಬರುತ್ತದೆ. ಟೆಸ್ಟ್‌ಗೆ 2 ವಾರ ಮೊದಲು ಆ ಮಾತ್ರೆ ನಿಂತಿರಬೇಕು. ಆಂಟಿಬಯಾಟಿಕ್ ಮತ್ತು ಬಿಸ್ಮತ್ ಆದರೆ 4 ವಾರ. ನಿಲ್ಲಿಸಬಹುದಾ ಅಂತ ಡಾಕ್ಟರನ್ನು ಕೇಳಿಯೇ ನಿಲ್ಲಿಸಿ. ನಡುವೆ ಉರಿ ಬಂದರೆ ಆಂಟಾಸಿಡ್ ಸಿರಪ್ ಯಾವುದು ಪರವಾಗಿಲ್ಲ ಅಂತಲೂ ಅವರೇ ಹೇಳುತ್ತಾರೆ.

## “ಕೋರ್ಸ್ ಮುಗಿಸಿದೆ, ಆದರೂ ಹೋಗಿಲ್ಲ”

ಪೈಲೋರಿಗೆ ಒಂದು ಆಂಟಿಬಯಾಟಿಕ್ ಸಾಲದು. ಆಸಿಡ್ ಇಳಿಸುವ ಮಾತ್ರೆಯ ಜೊತೆ ಎರಡು ಆಂಟಿಬಯಾಟಿಕ್, ಕೆಲವರಿಗೆ ಬಿಸ್ಮತ್ ಕೂಡ, ಸಾಮಾನ್ಯವಾಗಿ 14 ದಿನ. ಮಾತ್ರೆ ಜಾಸ್ತಿ, ಬಾಯಿ ಕಹಿ, ಭೇದಿ. ಆರನೇ ಏಳನೇ ದಿನಕ್ಕೆ ಹೊಟ್ಟೆ ಹಗುರಾಗುತ್ತದೆ, ಉಳಿದದ್ದು ಡಬ್ಬಕ್ಕೆ ಹೋಗುತ್ತದೆ. ಸೋಂಕು ಉಳಿಯುವುದು ಹೀಗೆ, ಅದೂ ಔಷಧಿಗೆ ಬಗ್ಗದ್ದಾಗಿ. ಮೊದಲು ಇದನ್ನು ನೋಡಿಕೊಳ್ಳಿ: ಎಲ್ಲ ಮಾತ್ರೆ, ಎಲ್ಲ ದಿನ ನುಂಗಿದಿರಾ? ಆಸಿಡ್ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಂಡಿರಾ, ಊಟ ಆದ ಮೇಲಾ?

ಎಲ್ಲವೂ ಸರಿ ಇದ್ದೂ ಹೋಗದಿದ್ದರೆ ಬ್ಯಾಕ್ಟೀರಿಯಾ ಆ ಆಂಟಿಬಯಾಟಿಕ್‌ಗೆ ಬಗ್ಗದಂತೆ ಪಳಗಿರಬಹುದು. ಕ್ಲಾರಿಥ್ರೋಮೈಸಿನ್, ಮೆಟ್ರೋನಿಡಜೋಲ್‌ಗೆ ನಮ್ಮ ದೇಶದಲ್ಲಿ ಇದು ಜಾಸ್ತಿ. ಹಳೇ ಚೀಟಿ ತೋರಿಸಿ ಅದೇ ಔಷಧಿ ಮತ್ತೆ ಕೇಳಬೇಡಿ. ಎರಡನೇ ಸಲ ಬೇರೆ ಜೋಡಿ ಬೇಕು. ಪೆನಿಸಿಲಿನ್ ಅಲರ್ಜಿ ಇದ್ದವರು ಅಮಾಕ್ಸಿಸಿಲಿನ್ ಮುಟ್ಟಬಾರದು, ಮೊದಲೇ ಹೇಳಿ. ಮೆಟ್ರೋನಿಡಜೋಲ್ ತಿನ್ನುವಾಗ ಮದ್ಯ ಕುಡಿಯಬಾರದು.

ಕೋರ್ಸ್ ಮುಗಿದು ಕನಿಷ್ಠ 4 ವಾರ ಆದ ಮೇಲೆ ಮಲದ ಅಥವಾ ಉಸಿರಿನ ಟೆಸ್ಟ್ ಮತ್ತೆ ಮಾಡಿಸಿ. ನೋವು ಹೋಗಿದೆ ಅನ್ನುವುದು ಸಾಕ್ಷಿ ಅಲ್ಲ. ಇದೊಂದು ಟೆಸ್ಟ್ ಬಹುತೇಕ ಯಾರೂ ಮಾಡಿಸುವುದಿಲ್ಲ. ನನಗೆ ಇದೇ ಬೇಸರ.

## “ನೋವೇನಿಲ್ಲ, ಸುಸ್ತು ಮಾತ್ರ”

ನೋವಿಲ್ಲದೆ ಒಳಗೆ ರಕ್ತ ಸೋರುವ ಅಲ್ಸರ್ ಉಂಟು. ನೋವಿನ ಮಾತ್ರೆ ತಿನ್ನುವ ವಯಸ್ಸಾದವರಲ್ಲಿ ಇದು ಹೆಚ್ಚು, ಆ ಮಾತ್ರೆಯೇ ಹುಣ್ಣಿನ ನೋವನ್ನೂ ಮುಚ್ಚಿಡುತ್ತದೆ. ಕಡಿಮೆ ಖರ್ಚಿನ ಪರೀಕ್ಷೆ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ. ಹಿಮೋಗ್ಲೋಬಿನ್ ಕಡಿಮೆ, ಕೆಂಪು ಕಣ ಚಿಕ್ಕದು ಅಂತ ಬಂದರೆ ಹೆಚ್ಚಾಗಿ ಕಬ್ಬಿಣದ ಕೊರತೆ. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಹೀಗೆ ಬಂದರೆ ಸುಮ್ನೆ ಟಾನಿಕ್ ಕುಡಿಯಬೇಡಿ. ರಕ್ತ ಎಲ್ಲಿ ಹೋಗುತ್ತಿದೆ ಅಂತ ಹುಡುಕಬೇಕು.

ಕೆಂಪು ಕಣ ದೊಡ್ಡದಾಗಿ, ಕಾಲು ಜೋಮು ಹಿಡಿದು, ನಾಲಿಗೆ ನುಣ್ಣಗೆ ಕೆಂಪಾಗಿದ್ದರೆ ಬಿ12 ನೋಡಬೇಕು. ಕೆಲವರಲ್ಲಿ ರೋಗನಿರೋಧಕ ವ್ಯವಸ್ಥೆ ಯಾವ ಬ್ಯಾಕ್ಟೀರಿಯಾ ಇಲ್ಲದೆಯೂ ಆಸಿಡ್ ತಯಾರಿಸುವ ಕೋಶಗಳ ಮೇಲೇ ಎರಗುತ್ತದೆ. ಇದಕ್ಕೆ ಆಟೋಇಮ್ಯೂನ್ ಗ್ಯಾಸ್ಟ್ರೈಟಿಸ್ ಅನ್ನುತ್ತಾರೆ. ಇಲ್ಲಿ ಆಸಿಡ್ ಹೆಚ್ಚಾಗುವುದಿಲ್ಲ, ಕಡಿಮೆಯಾಗುತ್ತದೆ. ಬಿ12 ಹೀರಲು ಬೇಕಾದ ಇಂಟ್ರಿನ್ಸಿಕ್ ಫ್ಯಾಕ್ಟರ್ ಕೂಡ ಇಲ್ಲವಾಗುತ್ತದೆ. ಊಟ ಆದ ಮೇಲೆ ಹೊಟ್ಟೆ ಭಾರ ಅಂತ ಇವರೂ ಗ್ಯಾಸ್ ಮಾತ್ರೆ ತಿನ್ನುತ್ತಿರುತ್ತಾರೆ. ಇರದ ಆಸಿಡ್ ಇಳಿಸಿ ಏನು ಪ್ರಯೋಜನ? ಥೈರಾಯ್ಡ್ ತೊಂದರೆ ಅಥವಾ ಟೈಪ್ 1 ಸಕ್ಕರೆ ಕಾಯಿಲೆ ಇರುವವರಲ್ಲಿ ಇದನ್ನು ನೆನಪಿಡಬೇಕು.

ಪ್ಲೇಟ್‌ಲೆಟ್ ಕಾರಣವಿಲ್ಲದೆ ಕಡಿಮೆಯಾಗುವ ಐಟಿಪಿ ಅನ್ನುವ ಕಾಯಿಲೆಯಲ್ಲೂ ಡಾಕ್ಟರು ಪೈಲೋರಿ ನೋಡುತ್ತಾರೆ. ಸೋಂಕು ತೆಗೆದರೆ ಕೆಲವರಿಗೆ ಪ್ಲೇಟ್‌ಲೆಟ್ ಏರುತ್ತದೆ.

## “ಎಂಡೋಸ್ಕೋಪಿ ಅಂದರೆ ಭಯ”

ಯಾರು ತಡ ಮಾಡಬಾರದು ಅಂತ ಮೊದಲು ಹೇಳುತ್ತೇನೆ. 50 ದಾಟಿದ ಮೇಲೆ ಮೊದಲ ಸಲ ಇಂಥ ತೊಂದರೆ ಶುರುವಾದವರು, ತೂಕ ಇಳಿಯುತ್ತಿರುವವರು, ನುಂಗಲು ಕಷ್ಟವಾದವರು, ತಿಂದದ್ದು ಗಂಟೆಗಳ ಮೇಲೆ ಹಾಗೇ ವಾಂತಿಯಾಗುವವರು, ರಕ್ತಹೀನತೆ ಇರುವವರು, ಮನೆಯಲ್ಲಿ ಜಠರದ ಕ್ಯಾನ್ಸರ್ ಕಂಡವರು. ದಾವಣಗೆರೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಈ ಸೌಲಭ್ಯ ಇದೆ.

ಆರರಿಂದ ಎಂಟು ಗಂಟೆ ಹೊಟ್ಟೆ ಖಾಲಿ ಇರಬೇಕು. ಗಂಟಲಿಗೆ ಸ್ಪ್ರೇ ಹೊಡೆಯುತ್ತಾರೆ, ಹತ್ತು ನಿಮಿಷದೊಳಗೆ ಮುಗಿಯುತ್ತದೆ. ವಾಕರಿಕೆ ಬರುತ್ತದೆ, ಉಸಿರು ಕಟ್ಟುವುದಿಲ್ಲ. ಒಳಪದರದ ಚೂರು ತೆಗೆದು ಯೂರಿಯೇಸ್ ಟೆಸ್ಟ್‌ಗೆ ಹಾಕುತ್ತಾರೆ. ಪೈಲೋರಿ ಇದ್ದರೆ ಬಣ್ಣ ಹಳದಿಯಿಂದ ಗುಲಾಬಿಗೆ ತಿರುಗುತ್ತದೆ. ರಕ್ತ ಸೋರುತ್ತಿರುವಾಗ ಈ ಟೆಸ್ಟ್ ನೆಗೆಟಿವ್ ಬಂದರೆ ನಂಬುವಂತಿಲ್ಲ, ಆಮೇಲೆ ಮತ್ತೆ ಮಾಡಬೇಕು.

ಹುಣ್ಣು ಜಠರದಲ್ಲಿದ್ದರೆ ಬಯಾಪ್ಸಿ (ಹುಣ್ಣಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು) ಬೇಕೇ ಬೇಕು. ಕ್ಯಾನ್ಸರ್ ಕೂಡ ಹುಣ್ಣಿನ ವೇಷದಲ್ಲೇ ಬರುತ್ತದೆ, ಆಸಿಡ್ ಮಾತ್ರೆಗೆ ಸ್ವಲ್ಪ ದಿನ ತಣ್ಣಗಿರುತ್ತದೆ. ಎಂಟು ವಾರದ ಚಿಕಿತ್ಸೆ ಆದ ಮೇಲೆ ಮತ್ತೆ ಎಂಡೋಸ್ಕೋಪಿ ಮಾಡಿ ಮಾಯಿತಾ ಅಂತ ನೋಡಬೇಕು ಅಂದರೆ ತಪ್ಪಿಸಬೇಡಿ. ಬಯಾಪ್ಸಿಯಲ್ಲಿ ಕೆಲವೊಮ್ಮೆ ಮಾಲ್ಟ್ ಲಿಂಫೋಮಾ ಅನ್ನುವ, ಬಿ ಕೋಶಗಳ ಕ್ಯಾನ್ಸರ್ ಸಿಗುತ್ತದೆ. ಆರೋಗ್ಯವಂತ ಜಠರದಲ್ಲಿ ಬಿ ಕೋಶಗಳ ಗುಂಪು ಇರುವುದೇ ಇಲ್ಲ ಅನ್ನಬಹುದು. ಪೈಲೋರಿ ವಿರುದ್ಧ ಬಂದು ಸೇರಿದ ಕೋಶಗಳೇ ಲಗಾಮು ತಪ್ಪಿ ಗೆಡ್ಡೆಯಾಗುತ್ತವೆ. ಆರಂಭದಲ್ಲಿ ಹಿಡಿದರೆ ಸೋಂಕು ತೆಗೆದಷ್ಟಕ್ಕೇ ಬಹಳ ಜನರಲ್ಲಿ ಆ ಗೆಡ್ಡೆ ಕರಗುತ್ತದೆ. ಉರಿಯೂತಕ್ಕೆ ಮೂಲ ಯಾವುದು ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಗೊತ್ತಿಲ್ಲ.

## “ಹುಣ್ಣಿದೆ, ಪೈಲೋರಿ ನೆಗೆಟಿವ್, ನೋವಿನ ಮಾತ್ರೆಯೂ ಇಲ್ಲ”

ಮೊದಲು ಎರಡನ್ನೂ ಇನ್ನೊಮ್ಮೆ ನೋಡಿ. ಟೆಸ್ಟ್ ಮಾಡಿಸಿದಾಗ ಆಸಿಡ್ ಮಾತ್ರೆ ನಡೆಯುತ್ತಿತ್ತಾ? ಹೆಸರಿಲ್ಲದ ಪುಡಿ, ತಲೆನೋವಿನ ಮಾತ್ರೆ ಮರೆತಿದ್ದೀರಾ? ಹೆಚ್ಚಿನ ಗೊಂದಲ ಇಲ್ಲೇ ಬಗೆಹರಿಯುತ್ತದೆ.

ಉಳಿದದ್ದು ತಜ್ಞರ ಕೆಲಸ. ಗ್ಯಾಸ್ಟ್ರಿನ್ ಸುರಿಸುವ ಗೆಡ್ಡೆ, ಕರುಳು ಊದಿಕೊಳ್ಳುವ ಕ್ರೋನ್ಸ್ ಕಾಯಿಲೆ, ಇಯೋಸಿನೋಫಿಲ್ ಕಣಗಳು ತುಂಬಿಕೊಳ್ಳುವ ಅಪರೂಪದ ಉರಿಯೂತ, ಹೀಗೆ ಪಟ್ಟಿ ಇದೆ. ಮೂತ್ರಪಿಂಡ ಕಸಿ ಆದವರು, ಸಂಧಿವಾತಕ್ಕೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರು, ಎಚ್‌ಐವಿ ಇರುವವರು ಹೊಟ್ಟೆ ನೋವು ಅಂತ ಬಂದರೆ ಲೆಕ್ಕವೇ ಬೇರೆ. ಇವರಲ್ಲಿ ಸೈಟೋಮೆಗಲೋ ವೈರಸ್ ಹುಣ್ಣು ಮಾಡಬಹುದು, ಅದಕ್ಕೆ ಆಸಿಡ್ ಮಾತ್ರೆ ಸಾಲದು. ಕೌಂಟರಿಗೆ ಬರದೆ ನೇರವಾಗಿ ತಮ್ಮ ಡಾಕ್ಟರ ಹತ್ತಿರ ಹೋಗಬೇಕು. ಆ ಔಷಧಿಗಳನ್ನು ತಾವೇ ನಿಲ್ಲಿಸಲೂ ಬಾರದು.

## “ಮನೆಯವರಿಗೂ ಬರುತ್ತದಾ?”

ಪೈಲೋರಿ ಹೆಚ್ಚಾಗಿ ಚಿಕ್ಕಂದಿನಲ್ಲೇ, ಮನೆಯೊಳಗೇ ಅಂಟುತ್ತದೆ. ಎಂಜಲು, ವಾಂತಿ, ಮಲ ಸೋಕಿದ ಕೈ, ಶುದ್ಧವಲ್ಲದ ನೀರು ಇದರ ದಾರಿ. ಅಗಿದು ಮಗುವಿನ ಬಾಯಿಗೆ ಇಡುವುದನ್ನು ಬಿಡಿ. ಕೈಗೆ ಸೋಪು ಹಾಕಿ. ಜನಬಳಕೆಗೆ ಬಂದ ಲಸಿಕೆ ಇನ್ನೂ ಇಲ್ಲ. ಒಮ್ಮೆ ಸೋಂಕು ಬಂದು ಹೋದರೂ ಮತ್ತೆ ಬಾರದ ಹಾಗೆ ರಕ್ಷಣೆ ಸಿಗುವುದಿಲ್ಲ.

ಹಾಗಂತ ಮನೆ ಮಂದಿಗೆಲ್ಲ ಆಂಟಿಬಯಾಟಿಕ್ ಕೊಡಿಸುವುದು ಬೇಡ. ದೊಡ್ಡವರಲ್ಲಿ ಲಕ್ಷಣ ಇದ್ದವರಿಗೆ, ಜಠರದ ಕ್ಯಾನ್ಸರ್ ಆದವರ ಒಡಹುಟ್ಟಿದವರಿಗೆ, ಅವರ ಬೆಳೆದ ಮಕ್ಕಳಿಗೆ ಟೆಸ್ಟ್ ಮಾಡಿಸಿ. ಚಿಕ್ಕ ಮಕ್ಕಳ ಸಾಮಾನ್ಯ ಹೊಟ್ಟೆನೋವಿಗೆ ಈ ಟೆಸ್ಟ್ ಮೊದಲ ಹೆಜ್ಜೆ ಅಲ್ಲ, ಮಕ್ಕಳ ಡಾಕ್ಟರ್ ನೋಡಿ ಹೇಳಬೇಕು. ಹೋಗುವಾಗ ಒಂದು ವಾರ ಬರೆದ ಆ ಚೀಟಿ, ಹಳೇ ರಿಪೋರ್ಟುಗಳು, ತಿನ್ನುತ್ತಿರುವ ಎಲ್ಲ ಮಾತ್ರೆಯ ಸ್ಟ್ರಿಪ್‌ಗಳು ಚೀಲದಲ್ಲಿರಲಿ.